‘ಈ ಕಾಲೇಜು ಬ್ಯಾಡ’ ಅಂದರೆ ‘ಕಾಲೇಜೇ ಬ್ಯಾಡ’ ಎಂದಲ್ಲ



ಕಳೆದ ವರ್ಷದ ಆಷಾಢದಲ್ಲಿ ನಮ್ಮ ಯಲಬುರ್ಗಾದ ಒಂದು ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸಿ ಪುಸ್ತಕದಲ್ಲಿ ಬರೆದಾಗಿತ್ತು. ಸಾಲದ ಕಂತಿನ ಮಾತು ಬಂದಾಗ ಒಬ್ಬ ಸದಸ್ಯೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ತಲೆ ತಗ್ಗಿಸಿ ಕುಳಿತಳು. ಆಕೆಯ ಮಗಳು ಪಿಯುಸಿ ಮುಗಿಸಿ, ದೂರದ ನಗರದ ಒಂದು ಖಾಸಗಿ ಕಾಲೇಜಿಗೆ ಬಿಸಿಎ ಓದಲು ಸೇರಿ ಮೂರೇ ವಾರವಾಗಿತ್ತು. ಅದಕ್ಕೆಂದು ಸಂಘದಿಂದ 30,000 ರೂಪಾಯಿ ಸಾಲ ಕೊಟ್ಟಿದ್ದೆವು. ಹಿಂದಿನ ರಾತ್ರಿ ಕೊನೆಯ ಬಸ್ಸಿಗೆ ಮಗಳು ಚೀಲ ಹಿಡಿದುಕೊಂಡು ಮನೆಗೆ ಬಂದಿದ್ದಳು. “ಯವ್ವಾ, ನಾ ತಪ್ಪಿ ಆರಿಸ್ಕೊಂಡೆ. ಆ ಕಾಲೇಜಿಗೆ ಮತ್ತ ಹೋಗೂದಿಲ್ಲ” ಅಂದಳಂತೆ.

ಸಭೆಯಲ್ಲಿ ಮಾತು ಎದ್ದಿತು. “ಕಟ್ಟಿದ ರೊಕ್ಕದ ಗತಿ ಏನು?” ಎಂದಳು ಒಬ್ಬಾಕೆ. “ಈಗಿನ ಹುಡಿಗ್ಯಾರ ಮನಸ್ಸು ಒಂದು ಕಡೆ ನಿಲ್ಲೂದಿಲ್ಲ” ಎಂದಳು ಇನ್ನೊಬ್ಬಳು. ಮೂರನೆಯಾಕೆ ನಮಗೆಲ್ಲ ಹಿರಿಯಳು. ಆಕೆ ಮೆಲ್ಲಗೆ, “ಒಲ್ಲೆ ಅಂದ್ರ ಬಿಡಿಸಿಬಿಡವಾ. ಮೊನ್ನೆ ಕುಷ್ಟಗಿ ಕಡಿಯವರು ಕೇಳಾಕ ಬಂದಿದ್ರಲ್ಲ, ಶ್ರಾವಣದಾಗ ನಿಶ್ಚಯ ಮಾಡಿದ್ರಾತು” ಎಂದಳು.

ಆ ಹಿರಿಯಳು ಕೆಟ್ಟವಳಲ್ಲ. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಓಡಿಬರುವವಳು ಆಕೆಯೇ. ಆಕೆಯ ಬಾಯಿಂದ ಬಂದ ಮಾತು ಈ ನಾಡಿನ ಎಲ್ಲ ಮನೆಗಳ ಮಾತು. ಆ ಮಾತಿನ ಬಗ್ಗೆಯೇ ಇವತ್ತು ನಿಮ್ಮೊಂದಿಗೆ ಮಾತನಾಡಬೇಕಾಗಿದೆ. ಯಾಕೆಂದರೆ ಅದೇ ಮಾತು ಮೂವತ್ತು ವರ್ಷಗಳ ಹಿಂದೆ ನನ್ನ ಬದುಕನ್ನೂ ತಿರುಗಿಸಿತ್ತು.

ನನ್ನದೇ ಕಥೆ

1992ರಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪಾಸಾದೆ. ಆಗ ನಮ್ಮ ತಾಲ್ಲೂಕು ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ನಾನು. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು ಎಂಬ ಒಂದೇ ಹುಮ್ಮಸ್ಸಿನಲ್ಲಿ, ಬೇರೆ ಊರಿನ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಆರಿಸಿಕೊಂಡವಳು ನಾನೇ. ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡು ಓದುವುದೆಂದು ಮಾತಾಗಿತ್ತು.

ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಎರಡು ತಿಂಗಳು ಕುಳಿತರೂ ನನಗೆ ತಲೆಬುಡ ತಿಳಿಯಲಿಲ್ಲ. ಸಂಬಂಧಿಕರ ಮನೆಯಲ್ಲಿ ಬೆಳಗಿನ ಕಸ, ಮುಸುರೆ, ರೊಟ್ಟಿ ಮುಗಿಸಿ ಕಾಲೇಜಿಗೆ ಓಡಬೇಕಿತ್ತು. ನನಗೆ ಶಿಕ್ಷಕಿಯಾಗುವ ಆಸೆ ಇತ್ತು. ನಮ್ಮ ಊರಿಗೆ ಹತ್ತಿರದಲ್ಲಿಯೇ ಕಲಾ ವಿಭಾಗಕ್ಕೆ ಸೇರಿದರೆ ಸಾಕು ಎನ್ನಿಸಿತು. ದೀಪಾವಳಿಗೆ ಊರಿಗೆ ಬಂದಾಗ ಧೈರ್ಯ ಮಾಡಿ ಅಪ್ಪನ ಮುಂದೆ ಹೇಳಿದೆ.

ನಾನು ಹೇಳಿದ್ದು “ಈ ಕಾಲೇಜು ಬ್ಯಾಡ” ಎಂದು. ಮನೆಯವರಿಗೆ ಕೇಳಿಸಿದ್ದು “ಕಾಲೇಜು ಬ್ಯಾಡ” ಎಂದು.

“ಫೀಸು ಕಟ್ಟೀನಿ, ಪುಸ್ತಕ ತಂದೀನಿ. ಮತ್ತೊಮ್ಮೆ ಕಟ್ಟಾಕ ನನ್ನ ಹತ್ರ ರೊಕ್ಕದ ಗಿಡಾ ಇಲ್ಲ” ಎಂದರು ಅಪ್ಪ. ಆ ವರ್ಷ ಮಳೆ ಕೈಕೊಟ್ಟಿತ್ತು, ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿಯೇ ನನ್ನ ಲಗ್ನವಾಯಿತು. ಹದಿನೈದು ಸಾವಿರ ವರೋಪಚಾರ, ಎರಡು ತೊಲಿ ಬಂಗಾರ, ಊರಿಗೆಲ್ಲ ಊಟ. ಕಾಲೇಜು ಬದಲಿಸಲು ಕೆಲವು ನೂರು ರೂಪಾಯಿ ಇಲ್ಲದ ಮನೆಯಲ್ಲಿ, ನನ್ನನ್ನು ಕಳಿಸಲು ಹದಿನೈದು ಸಾವಿರ ಹುಟ್ಟಿತು. ಹೊಲದ ಮೇಲೆ ಸಾಲ ತೆಗೆದರು. ನನಗಾಗ ಹದಿನೇಳು ವರ್ಷ.

ಆ ಮನೆಯಲ್ಲಿ ಬಡಿತ ಶುರುವಾದದ್ದು ಮೊದಲ ವರ್ಷವೇ. ತವರಿಗೆ ಓಡಿಬಂದು ಅವ್ವನ ಮುಂದೆ ಬೆನ್ನು ತೋರಿಸಿದೆ. ಅವ್ವ ಅತ್ತಳು, ಎಣ್ಣೆ ಹಚ್ಚಿದಳು. ಆಮೇಲೆ, “ಇಷ್ಟು ಖರ್ಚು ಮಾಡಿ ಕೊಟ್ಟೀವಿ. ಈಗ ತಿರುಗಿ ಬಂದ್ರ ಹೆಂಗವಾ? ಹೊಂದ್ಕೊಂಡು ಹೋಗು” ಎಂದಳು.

ಗೆಳತಿಯರೇ, ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. “ಫೀಸು ಕಟ್ಟೀವಿ, ಸುಮ್ಮನೆ ಓದು.” “ಖರ್ಚು ಮಾಡಿ ಕೊಟ್ಟೀವಿ, ಸುಮ್ಮನೆ ಬಾಳು.” ಎರಡೂ ಒಂದೇ ಮಾತಲ್ಲವೇ? ಒಮ್ಮೆ ಹಣ ಕೊಟ್ಟ ಮೇಲೆ ಹೆಣ್ಣಿಗೆ ಮನಸ್ಸು ಬದಲಿಸುವ ಹಕ್ಕಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಗಂಡನ ಮನೆಯಲ್ಲಲ್ಲ. ಹದಿನಾರನೆಯ ವಯಸ್ಸಿನಲ್ಲಿ, ನನ್ನ ತವರಿನಲ್ಲಿ, ಕಾಲೇಜಿನ ವಿಷಯದಲ್ಲಿ. ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಹನ್ನೊಂದು ವರ್ಷ ಬಡಿಸಿಕೊಂಡು ಅಲ್ಲಿಯೇ ಇದ್ದೆ.

ಕಟ್ಟಿದ ಹಣದ ಲೆಕ್ಕ

ನಾವು ಹೊಲದವರು. ಬಿತ್ತಿದ ಸಜ್ಜೆ ಮೊಳಕೆ ಬಾರದೆ ಒಣಗಿದರೆ ಏನು ಮಾಡುತ್ತೇವೆ? “ಬೀಜಕ್ಕೆ ಹಣ ಕೊಟ್ಟೀವಿ” ಎಂದು ಒಣಗಿದ ಹೊಲಕ್ಕೆ ಸುಗ್ಗಿಯತನಕ ಕಾವಲು ಕೂರುತ್ತೇವೆಯೇ? ಹದ ನೋಡಿ ಹರಗಿ, ಮುಂದಿನ ಮಳೆಗೆ ಕಡಲೆಯನ್ನೋ ಜೋಳವನ್ನೋ ಬಿತ್ತುತ್ತೇವೆ. ಹೋದ ಬೀಜದ ದುಃಖ ಇರುತ್ತದೆ. ಆದರೆ ಆ ದುಃಖಕ್ಕಾಗಿ ಇಡೀ ವರ್ಷವನ್ನು ಕಳೆಯುವುದಿಲ್ಲ. ಮಣ್ಣಿನ ವಿಷಯದಲ್ಲಿರುವ ಈ ಬುದ್ಧಿ ಮಗಳ ವಿಷಯದಲ್ಲಿ ಯಾಕೆ ಬರುವುದಿಲ್ಲ?

ಮಗನ ವಿಷಯದಲ್ಲಿ ಬರುತ್ತದೆ, ಗಮನಿಸಿ. ಮಗ ಡಿಪ್ಲೊಮಾಕ್ಕೆ ಸೇರಿ ಆರು ತಿಂಗಳಲ್ಲಿ ಬಿಟ್ಟು, ಐಟಿಐಗೆ ಹೋಗಿ, ಅದನ್ನೂ ಬಿಟ್ಟು ಮತ್ತೊಂದಕ್ಕೆ ಸೇರಿದರೆ “ಹುಡುಗಗ ಇನ್ನೂ ದಾರಿ ಸಿಕ್ಕಿಲ್ಲ” ಎನ್ನುತ್ತೇವೆ. ಮಗಳು ಒಂದೇ ಒಂದು ಸಲ “ತಪ್ಪಿದೆ” ಎಂದರೆ “ಇವಳಿಗೆ ಓದು ಹತ್ತೂದಿಲ್ಲ” ಎಂದು ತೀರ್ಮಾನ. ಮಗನ ತಪ್ಪು ಕಲಿಕೆ, ಮಗಳ ತಪ್ಪು ಕೊನೆ. ಇದು ಯಾವ ನ್ಯಾಯ?

ಸರ್ಕಾರದ ಸೀಟು ಹಂಚಿಕೆಯಲ್ಲೂ ಇದಕ್ಕಿಂತ ಹೆಚ್ಚು ಔದಾರ್ಯವಿದೆ. ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣಕ್ಕೆ ಸಿಇಟಿ ಆರಂಭವಾದದ್ದು 1994ರಲ್ಲಿ. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ಮೇಲೆ ವಿದ್ಯಾರ್ಥಿಗೆ ನಾಲ್ಕು ದಾರಿ ಕೊಡುತ್ತದೆ. ಒಂದು, ಈ ಸೀಟು ಒಪ್ಪಿದೆ, ಸೇರುತ್ತೇನೆ. ಎರಡು, ಒಪ್ಪಿದೆ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದೋ ನೋಡುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ಇದರಿಂದ ಹೊರಗೆ ಹೋಗುತ್ತೇನೆ. ಸಾವಿರಾರು ಮಕ್ಕಳ ಲೆಕ್ಕ ಇಡುವ ಕಚೇರಿಯೇ ಮನಸ್ಸು ಬದಲಾಗಬಹುದೆಂದು ಒಪ್ಪಿಕೊಂಡು ದಾರಿ ಬಿಟ್ಟಿದೆ. ಒಬ್ಬಳೇ ಮಗಳ ಮನಸ್ಸನ್ನು ಕೇಳಬೇಕಾದ ಮನೆಯಲ್ಲಿ ಒಂದೇ ದಾರಿ: ಓದಿದರೆ ಅಲ್ಲಿಯೇ ಓದು, ಇಲ್ಲದಿದ್ದರೆ ಲಗ್ನ.

ಒಮ್ಮೆ ಆದದ್ದನ್ನು ಬದಲಿಸಲಾಗದು ಎಂಬ ಮಾತನ್ನು ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ತಳ್ಳಿಹಾಕಿದ್ದಳು. ಮುಂಬಯಿಯ ರುಖ್ಮಾಬಾಯಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲು ಆಕೆ ಒಪ್ಪಲಿಲ್ಲ. 1887ರಲ್ಲಿ ಕೋರ್ಟು, ಹೋಗು, ಇಲ್ಲದಿದ್ದರೆ ಆರು ತಿಂಗಳು ಜೈಲು ಎಂದಿತು. ಆಕೆ ಜೈಲಿಗೆ ಸಿದ್ಧ ಎಂದಳು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಮರುವರ್ಷ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, ಹಿಂತಿರುಗಿ ಸೂರತ್ತಿನಲ್ಲಿ, ರಾಜಕೋಟೆಯಲ್ಲಿ ಹೆಣ್ಣುಮಕ್ಕಳ ಆಸ್ಪತ್ರೆಗಳಲ್ಲಿ ದುಡಿದಳು. ಆ ಎರಡು ಸಾವಿರ ಆಕೆಗೆ ನಷ್ಟವಾಯಿತೆಂದು ಇವತ್ತು ಯಾರು ಹೇಳುತ್ತಾರೆ?

ಸಂಶಯ ಯಾರದು?

ಹಾಗೆಂದು, ಮಗಳು “ಒಲ್ಲೆ” ಎಂದ ತಕ್ಷಣ ಬಿಡಿಸಿಕೊಂಡು ಬನ್ನಿ ಎಂದು ನಾನು ಹೇಳುತ್ತಿಲ್ಲ. ಮೊದಲು ಆ ಸಂಶಯ ಎಲ್ಲಿಂದ ಬಂತು ಎಂದು ಕೇಳಬೇಕು. ಬೈದು ಕೇಳಬಾರದು. ಊಟಕ್ಕೆ ಕೂತಾಗ, ತಲೆ ಬಾಚುವಾಗ, ಗಂಡಸರು ಇಲ್ಲದ ಹೊತ್ತಿನಲ್ಲಿ ಕೇಳಬೇಕು.

ಕೆಲವು ಸಂಶಯ ಹೊಸ ಜಾಗದ್ದು. ನಮ್ಮ ಓಣಿಯ ಇನ್ನೊಬ್ಬ ಹುಡುಗಿ ಕೊಪ್ಪಳದ ಹಾಸ್ಟೆಲಿಗೆ ಹೋದ ಹದಿನೈದು ದಿನ ಫೋನಿನಲ್ಲಿ ಬರೀ ಅಳುತ್ತಿದ್ದಳು. ಮಾತು ಬಿಡಿಸಿ ಕೇಳಿದಾಗ ಗೊತ್ತಾಯಿತು: ಪಾಠ ಇಷ್ಟವಾಗಿದೆ, ಆದರೆ ಗೆಳತಿಯರಿಲ್ಲ, ಉಳಿದವರ ಬಟ್ಟೆಬರೆ ನೋಡಿ ತನ್ನದು ಸಾಲದು ಅನ್ನಿಸಿದೆ. ಆಕೆಯ ಅವ್ವ ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಬಂದಳು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದ್ದರಿಂದ ಅದು ಸಾಧ್ಯವಾಯಿತು. ಎರಡು ತಿಂಗಳಲ್ಲಿ ಹುಡುಗಿ ಹೊಂದಿಕೊಂಡಳು. ಆಕೆಗೆ ಬೇಕಾಗಿದ್ದದ್ದು ಬೇರೆ ಕಾಲೇಜಲ್ಲ, ಅವ್ವನ ಮುಖ.

ಕೆಲವು ಸಂಶಯ ನಿಜವಾದದ್ದು. ಪಾಠ ನಡೆಯುವುದಿಲ್ಲ. ಕೋರ್ಸಿಗೆ ಮಾನ್ಯತೆ ಇಲ್ಲ. ಹೇಳಿದ ಫೀಸು ಒಂದು, ಕೇಳುವ ಫೀಸು ಇನ್ನೊಂದು. ವಿಷಯ ತಲೆಗೆ ಹತ್ತುವುದಿಲ್ಲ, ಮನಸ್ಸು ಬೇರೊಂದರ ಮೇಲಿದೆ. ಇಂಥದ್ದನ್ನು ಮೂರು ವರ್ಷ ಎಳೆದರೆ ಫೀಸಿನ ಜೊತೆ ವಯಸ್ಸೂ ಹೋಗುತ್ತದೆ.

ಕೆಲವು ಸಂಶಯದ ಹಿಂದೆ ಹೇಳಲಾಗದ ಮಾತಿರುತ್ತದೆ. ದಾರಿಯಲ್ಲಿ ಹುಡುಗರ ಕಾಟವೋ, ಪಾಠ ಹೇಳುವವನ ಕೆಟ್ಟ ನಡತೆಯೋ ಇರಬಹುದು. “ಹೇಳಿದರೆ ಕಾಲೇಜೇ ಬಿಡಿಸುತ್ತಾರೆ” ಎಂಬ ಭಯಕ್ಕೆ ಹುಡುಗಿ “ಸಬ್ಜೆಕ್ಟು ಕಷ್ಟ” ಎಂದು ನೆಪ ಹೇಳುತ್ತಾಳೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಕಾಲೇಜುಗಳಲ್ಲಿಯೂ ಆಂತರಿಕ ದೂರು ಸಮಿತಿ ಇರಬೇಕು. ಕಾಲೇಜು ಬಿಡಬೇಕಾದವನು ಕಾಟ ಕೊಟ್ಟವನು, ನಮ್ಮ ಮಗಳಲ್ಲ.

ಇನ್ನೂ ಒಂದು ಬಗೆಯ ಸಂಶಯವಿದೆ. ಅದು ಹುಡುಗಿಯದೇ ಅಲ್ಲ. ನಿಶ್ಚಯವಾದ ಹುಡುಗ ಫೋನು ಮಾಡಿ, “ಆ ಕಾಲೇಜಿನಾಗ ಹುಡುಗರು ಭಾಳ, ಬಿಟ್ಟು ಬಾ” ಎನ್ನುತ್ತಾನೆ. ಅತ್ತೆಯಾಗುವಾಕೆ, “ಹೆಚ್ಚು ಓದಿದ್ರ ನಮ್ಮ ಮನಿಗೆ ಹೊಂದೂದಿಲ್ಲ” ಎನ್ನುತ್ತಾಳೆ. ಹುಡುಗಿ ಮನೆಗೆ ಬಂದು “ನನಗೇ ಬ್ಯಾಡ ಅನ್ನಿಸೇತಿ” ಎನ್ನುತ್ತಾಳೆ. ತಾಯಂದಿರೇ, ಮದುವೆಗೆ ಮೊದಲೇ ಹುಡುಗಿಯ ಕಾಲಿಗೆ ಹಗ್ಗ ಹಾಕುವವನು ಮದುವೆಯಾದ ಮೇಲೆ ಆ ಹಗ್ಗ ಬಿಚ್ಚುತ್ತಾನೆಯೇ? ಅಲ್ಲಿ ಮತ್ತೊಮ್ಮೆ ಯೋಚಿಸಬೇಕಾದದ್ದು ಕಾಲೇಜಿನ ಬಗ್ಗೆ ಅಲ್ಲ, ಆ ಸಂಬಂಧದ ಬಗ್ಗೆ.

ನಮ್ಮ ಹುಡುಗಿಗೆ ಏನಾಯಿತು

ಈಗ ಮೊದಲು ಹೇಳಿದ ಹುಡುಗಿಯ ಮಾತಿಗೆ ಬರುತ್ತೇನೆ. ಸಭೆಯಲ್ಲಿ ನಾನು ನನ್ನ ಕಥೆ ಹೇಳಿದೆ. ಹೇಳುವಾಗ ನಾಚಿಕೆಯೂ ಆಯಿತು. ಕೇಳಿದ ಮೇಲೆ ಆ ಹಿರಿಯಳೇ, “ಹಂಗಾದ್ರ ಮೊದಲು ಹೋಗಿ ನೋಡ್ಕೊಂಡು ಬರ್ರಿ” ಎಂದಳು. ಹುಡುಗಿ, ಆಕೆಯ ಅವ್ವ, ನಾನು, ಸಂಘದ ಲೆಕ್ಕ ಬರೆಯುವಾಕೆ ನಾಲ್ಕೂ ಜನ ಹೋದೆವು.

ಹುಡುಗಿ ಹೇಳಿದ್ದೆಲ್ಲ ನಿಜವಿತ್ತು. ಕಂಪ್ಯೂಟರ್ ಕೋಣೆಗೆ ಬೀಗ. ಮೂರು ವಾರದಲ್ಲಿ ಆರು ಪಾಠ ಆಗಿದ್ದವು. ಕಚೇರಿಯಲ್ಲಿ “ಸೇರಿದ ಮೇಲೆ ರೊಕ್ಕಾ ವಾಪಸ್ ಕೊಡುವ ಪದ್ಧತಿ ಇಲ್ಲ” ಎಂದರು. ಅಂಕಪಟ್ಟಿಯ ಮೂಲಪ್ರತಿ ಅವರ ಕಪಾಟಿನಲ್ಲಿತ್ತು.

ನಿಯಮ ಹಾಗೆ ಹೇಳುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಪ್ರತಿ ಸಂಘದವರೂ ತಿಳಿದಿರಬೇಕು. ಪದವಿ ಕಾಲೇಜಿಗೆ ಸೇರಿದವರು ಬಿಡುವುದಾದರೆ ಫೀಸು ಹೀಗೆ ಮರಳಬೇಕು. ಪ್ರವೇಶದ ಕೊನೆಯ ದಿನಕ್ಕೆ ಇನ್ನೂ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಫೀಸು. ಅದರಲ್ಲಿ ಕಚೇರಿ ಖರ್ಚೆಂದು ಶೇಕಡಾ 5ರವರೆಗೆ, ಹೆಚ್ಚೆಂದರೆ 5,000 ರೂಪಾಯಿ ಮಾತ್ರ ಹಿಡಿಯಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದರೆ ಶೇಕಡಾ 90. ಕೊನೆಯ ದಿನ ಮುಗಿದು 15 ದಿನದ ಒಳಗಾದರೆ ಶೇಕಡಾ 80. 15 ದಿನ ದಾಟಿ 30 ದಿನದ ಒಳಗಾದರೆ ಶೇಕಡಾ 50. 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ನೋಡಿ ಪರಿಶೀಲಿಸಬಹುದೇ ಹೊರತು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ.

ಇದರಲ್ಲಿ ನಮಗೊಂದು ಪಾಠವಿದೆ. ಮಗಳು ಸಂಶಯವನ್ನು ಬೇಗ ಹೇಳಿದಷ್ಟೂ ಹಣ ಹೆಚ್ಚು ಉಳಿಯುತ್ತದೆ. ಮನೆಯಲ್ಲಿ ಬೈಗುಳದ ಭಯವಿದ್ದರೆ ಆಕೆ ಹೇಳುವ ಹೊತ್ತಿಗೆ ಆ 30 ದಿನ ದಾಟಿರುತ್ತದೆ.

ಅರ್ಜಿ ಬರೆದೆವು. ಎರಡು ಪ್ರತಿ ಮಾಡಿ ಒಂದರ ಮೇಲೆ ಸಹಿ, ಮೊಹರು ಹಾಕಿಸಿಕೊಂಡೆವು. ಕೊನೆಯ ದಿನ ಮುಗಿದು ಒಂಬತ್ತು ದಿನವಾಗಿತ್ತು. ಮೂರು ಸಲ ಓಡಾಡಿದ ಮೇಲೆ, ರಸೀದಿ ಇದ್ದ 18,000 ಫೀಸಿನಲ್ಲಿ 14,400 ಬಂತು. ಹಾಸ್ಟೆಲಿನ 2,000 ಮುಂಗಡದಲ್ಲಿ ಅರ್ಧ ಬಂತು. ‘ಡೊನೇಷನ್’ ಎಂದು ರಸೀದಿ ಇಲ್ಲದೆ ಕೊಟ್ಟ 10,000 ಬರಲಿಲ್ಲ. ಅದನ್ನು ಇಸಿದುಕೊಂಡವರೇ ಇಲ್ಲ ಎಂಬಂತೆ ಎಲ್ಲರೂ ಮುಖ ನೋಡಿದರು.

ಡೊನೇಷನ್ನಿಗೂ ವರದಕ್ಷಿಣೆಗೂ ಎಷ್ಟು ಹೋಲಿಕೆ ನೋಡಿ! ವರದಕ್ಷಿಣೆಯನ್ನು 1961ರ ಕಾಯ್ದೆ ನಿಷೇಧಿಸಿದೆ. ಡೊನೇಷನ್ನನ್ನು ನಮ್ಮ ರಾಜ್ಯದ 1984ರ ಕಾಯ್ದೆ ನಿಷೇಧಿಸಿದೆ. ಎರಡನ್ನೂ ಕತ್ತಲಲ್ಲಿ ಕೊಡುತ್ತೇವೆ, ಬೆಳಕಿನಲ್ಲಿ ಕೇಳಲಾಗುವುದಿಲ್ಲ. ಕೊಟ್ಟದ್ದಕ್ಕೆ ಗುರುತಿಲ್ಲ ಎಂಬ ಕಾರಣಕ್ಕೇ ಹೆಣ್ಣುಮಗಳು ಎರಡೂ ಕಡೆ ಸಿಕ್ಕಿಬೀಳುತ್ತಾಳೆ. ವರದಕ್ಷಿಣೆ ಕಾಯ್ದೆಯ 6ನೆಯ ಕಲಮಿನಂತೆ ಮದುವೆಯಲ್ಲಿ ಯಾರ ಕೈಗೆ ಕೊಟ್ಟಿದ್ದರೂ ಆ ಹಣ, ಒಡವೆ ಮೂರು ತಿಂಗಳೊಳಗೆ ಆ ಹೆಣ್ಣುಮಗಳಿಗೇ ಸೇರಬೇಕು. ಆದರೆ ತೋರಿಸಲು ಕಾಗದವೆಲ್ಲಿ? ಆದ್ದರಿಂದ ರಸೀದಿ ಇಲ್ಲದ ಒಂದು ರೂಪಾಯಿಯನ್ನೂ ಮಗಳ ಹೆಸರಿನಲ್ಲಿ ಯಾರ ಕೈಗೂ ಇಡಬೇಡಿ.

ಹುಡುಗಿ ಈಗ ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಓದುತ್ತಿದ್ದಾಳೆ. ಅಲ್ಲಿ ದಂಡದ ಫೀಸಿನೊಂದಿಗೆ ಪ್ರವೇಶ ಇನ್ನೂ ತೆರೆದಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಮರಳಿ ಬಂದ 15,400 ರೂಪಾಯಿ ಸಂಘದ ಸಾಲಕ್ಕೆ ಜಮೆಯಾಯಿತು. ಉಳಿದ 14,600ಕ್ಕೆ ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ ಠರಾವು ಬರೆದೆವು. ಎಲ್ಲರೂ ಸಂತೋಷದಿಂದ ಒಪ್ಪಿದರೆಂದರೆ ಸುಳ್ಳಾಗುತ್ತದೆ. ಇಬ್ಬರು ಇನ್ನೂ ಗೊಣಗುತ್ತಾರೆ. ಓಣಿಯಲ್ಲಿ “ಓದಾಕ ಹೋಗಿ ಓಡಿ ಬಂದಾಕಿ” ಎಂಬ ಮಾತು ನಿಂತಿಲ್ಲ. ಬಿಎ ಓದಿದರೆ ಕೆಲಸ ಸಿಗುತ್ತದೆಯೇ ಎಂದು ಆಕೆಯ ಅಪ್ಪ ದಿನಕ್ಕೊಮ್ಮೆ ಕೇಳುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಶ್ರಾವಣದಲ್ಲಿ ಆಗಬೇಕಿದ್ದ ನಿಶ್ಚಯ ಆಗಲಿಲ್ಲ. ಆಕೆ ಬಿಟ್ಟದ್ದು ಒಂದು ಕಾಲೇಜನ್ನು ಮಾತ್ರ. ಓದನ್ನು ಬಿಡಲಿಲ್ಲ.

ಓದು ತಡೆಯುವುದೂ ದೌರ್ಜನ್ಯವೇ

ಕೌಟುಂಬಿಕ ದೌರ್ಜನ್ಯ ಎಂದರೆ ಗಂಡ ಹೆಂಡತಿಯನ್ನು ಹೊಡೆಯುವುದು ಮಾತ್ರ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಅದು ಹೆಂಡತಿಯರಿಗಷ್ಟೇ ಅಲ್ಲ, ಮನೆಯ ಮಗಳಿಗೂ ಅನ್ವಯಿಸುತ್ತದೆ. ಆ ಕಾಯ್ದೆಯ 2006ರ ನಿಯಮಗಳ ಜೊತೆಗಿರುವ ನಮೂನೆಗಳಲ್ಲಿ ಮಾತಿನ ಮತ್ತು ಮನಸ್ಸಿನ ಹಿಂಸೆಯ ಪಟ್ಟಿಯೊಂದಿದೆ. ವರದಕ್ಷಿಣೆ ತರಲಿಲ್ಲವೆಂದು ಹೀಯಾಳಿಸುವುದು ಆ ಪಟ್ಟಿಯಲ್ಲಿದೆ. ಶಾಲೆ, ಕಾಲೇಜಿಗೆ ಹೋಗದಂತೆ ತಡೆಯುವುದೂ ಅದೇ ಪಟ್ಟಿಯಲ್ಲಿದೆ. ಮನಸ್ಸಿಲ್ಲದ ಮದುವೆಗೆ ಒತ್ತಾಯಿಸುವುದೂ ಅದೇ ಪಟ್ಟಿಯಲ್ಲಿದೆ. ನಾವು ಸಂಪ್ರದಾಯ ಎನ್ನುವುದನ್ನು ಕಾನೂನು ಹಿಂಸೆ ಎಂದು ಕರೆದಿದೆ.

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿಡಿಪಿಒ ಎನ್ನುತ್ತೇವಲ್ಲ, ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಹುಡುಗಿಗೆ 18 ತುಂಬಿರದಿದ್ದರೆ 1098. ಹದಿನೆಂಟರ ಒಳಗೆ ಮದುವೆ ಮಾಡಿದರೆ, ಕರ್ನಾಟಕ ತಂದ ತಿದ್ದುಪಡಿಯಂತೆ ಅದು ಮೊದಲಿನಿಂದಲೇ ಅಸಿಂಧು. 1993ರಲ್ಲಿ ನನಗೆ ಇದ್ಯಾವುದೂ ಇರಲಿಲ್ಲ. ಇವತ್ತಿನ ಹುಡುಗಿಗೆ ಇದೆ. ಆದರೆ ಆಕೆಗೆ ಅದನ್ನು ಹೇಳುವವರು ಯಾರು? ನಾವೇ ಹೇಳಬೇಕು.

ಅಪ್ಪ ಅವ್ವನ ಮೇಲೆ ದೂರು ಕೊಡಿ ಎಂದು ಹುಡುಗಿಯರನ್ನು ಎತ್ತಿಕಟ್ಟಲು ಇದನ್ನು ಬರೆಯುತ್ತಿಲ್ಲ. ನನ್ನ ಅಪ್ಪ ಕಟುಕನಲ್ಲ; ಮಳೆ ಹೋದ ವರ್ಷದಲ್ಲಿ ಹೆದರಿದ ಮನುಷ್ಯ. ಹೆದರಿದವರಿಗೆ ಲಗ್ನವೇ ಸುಲಭದ ದಾರಿಯಾಗಿ ಕಾಣುತ್ತದೆ. ಬೇರೆ ದಾರಿಯೂ ಇದೆ ಎಂದು ಆ ದಿನ ಯಾರಾದರೂ ನಾಲ್ಕು ಜನ ಬಂದು ಕುಳಿತು ಹೇಳಿದ್ದರೆ ಅಪ್ಪ ಕೇಳುತ್ತಿದ್ದರೇನೋ. ಆಗ ಸಂಘ ಇರಲಿಲ್ಲ.

ಸಂಘ ಮಾಡಬಹುದಾದದ್ದು

ನಾವು ಕುರಿಗೆ, ಹೊಲಿಗೆ ಯಂತ್ರಕ್ಕೆ, ಕಿರಾಣಿ ಅಂಗಡಿಗೆ ಸಾಲ ಕೊಡುವಾಗ ಹೋಗಿ ನೋಡುತ್ತೇವೆ. ಕುರಿಯ ಹಲ್ಲು ಎಣಿಸದೆ ಹಣ ಕೊಡುವುದಿಲ್ಲ. ಕಾಲೇಜಿಗೆ ಮಾತ್ರ ಯಾರೋ ಏಜೆಂಟ ತಂದ ಬಣ್ಣದ ಕಾಗದ ನೋಡಿ ಸಾಲ ಕೊಟ್ಟೆವು. ಆ ತಪ್ಪು ಹುಡುಗಿಯದಷ್ಟೇ ಅಲ್ಲ, ಸಂಘದ್ದೂ ಹೌದು. ಈಗ ನಮ್ಮ ಸಂಘದಲ್ಲಿ ಶಿಕ್ಷಣ ಸಾಲಕ್ಕೆ ಮೊದಲು ಇಬ್ಬರು ಸದಸ್ಯೆಯರು ಹುಡುಗಿಯ ಜೊತೆ ಹೋಗಿ ಕಾಲೇಜು ನೋಡಿ ಬರುತ್ತಾರೆ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಎರಡನೆಯ ವರ್ಷದ ಹುಡುಗಿಯರು ಏನು ಹೇಳುತ್ತಾರೆ, ಹಾಸ್ಟೆಲಿನ ಬಾಗಿಲು, ನೀರು, ಪಾಯಖಾನೆ ಹೇಗಿದೆ, ಪ್ರವೇಶದ ಕೊನೆಯ ದಿನ ಯಾವುದು ಎಂದು ಕೇಳಿ ಬರೆದುಕೊಳ್ಳುತ್ತಾರೆ.

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಬಂದ ಮೇಲೆ ನಮ್ಮ ಭಾಗದ ವಿದ್ಯಾಸಂಸ್ಥೆಗಳ ಸೀಟುಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಅದರ ಪ್ರಮಾಣಪತ್ರ ಮಾಡಿಸಿಕೊಳ್ಳದೆ ದೂರದ ಕಾಲೇಜಿಗೆ ಹಣ ಸುರಿಯುವ ಮೊದಲು ಇಲ್ಲಿ ಏನು ಸಿಗುತ್ತದೆ ಎಂದು ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೇವೆ.

ಎರಡನೆಯದು, ಸೇರಿದ ಹದಿನೈದು ದಿನಕ್ಕೆ ಹುಡುಗಿಯನ್ನು ಸಂಘದವರೇ ಮಾತನಾಡಿಸುವುದು. “ಹೆಂಗೈತವಾ? ಆರಿಸಿದ್ದು ಸರಿ ಅನ್ನಿಸ್ತದೇನು?” ಎಂದು ನಾವೇ ಕೇಳಿದರೆ ಆಕೆಗೆ ಬಾಯಿ ಬಿಡಲು ಅಂಜಿಕೆ ಇರುವುದಿಲ್ಲ. ಅವ್ವನ ಮುಂದೆ ಹೇಳಲಾಗದ್ದನ್ನು ಎಷ್ಟೋ ಸಲ ಚಿಗವ್ವನ ಮುಂದೆ ಹೇಳಬಹುದು.

ಮೂರನೆಯದು, ಒಂದು ಠರಾವು. ಕಾಲೇಜು ಬಿಟ್ಟ ಅಥವಾ ಬದಲಿಸಿದ ಹುಡುಗಿಗೆ ಒಂದು ವರ್ಷದ ಒಳಗೆ ಮದುವೆ ಗೊತ್ತು ಮಾಡಬಾರದೆಂದು ತಾಯಂದಿರು ಮಾತು ಕೊಡುವುದು. ನಮ್ಮ ಸಂಘದ ಹದಿನೆಂಟು ಜನರಲ್ಲಿ ಹದಿನಾಲ್ಕು ಜನ ಇದಕ್ಕೆ ಹೆಬ್ಬೆಟ್ಟು, ಸಹಿ ಹಾಕಿದ್ದಾರೆ. ನಾಲ್ವರು ಹಾಕಿಲ್ಲ. ಅವರೊಂದಿಗೆ ಇನ್ನೂ ಮಾತು ನಡೆದಿದೆ. ಮೊದಲು ಹೆಬ್ಬೆಟ್ಟು ಒತ್ತಿದಾಕೆ ಯಾರು ಗೊತ್ತೇ? ಶ್ರಾವಣದಲ್ಲಿ ನಿಶ್ಚಯ ಮಾಡಿ ಎಂದಿದ್ದ ಆ ಹಿರಿಯಳು. ಒತ್ತಿದ ಮೇಲೆ ಬೆರಳಿನ ಮಸಿಯನ್ನು ಸೆರಗಿಗೆ ಒರೆಸುತ್ತಾ, “ನನಗೂ ಹಿಂಗ ಕೇಳೋರು ಇದ್ದಿದ್ರ...” ಎಂದು ಅಷ್ಟಕ್ಕೇ ನಿಲ್ಲಿಸಿದಳು. ನಾವು ಯಾರೂ ಮುಂದೆ ಕೇಳಲಿಲ್ಲ.

ಗೆಳತಿಯರೇ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಯಾರ ಆಯ್ಕೆಯೂ ಪೂರ್ತಿ ಸರಿ ಇರುವುದಿಲ್ಲ. “ಅವ್ವಾ, ನಾ ತಪ್ಪಿದೆ, ಬದಲಿಸ್ತೀನಿ” ಎಂದು ಇವತ್ತು ಕಾಲೇಜಿನ ವಿಷಯದಲ್ಲಿ ನಿರ್ಭಯವಾಗಿ ಹೇಳಿ, ಆ ಮಾತಿಗೆ ಮನೆಯಲ್ಲಿ ಬೆಲೆ ಸಿಕ್ಕ ಮಗಳು, ನಾಳೆ ಗಂಡ ಕೈ ಎತ್ತಿದ ಮೊದಲ ದಿನವೇ ನಮ್ಮ ಬಾಗಿಲಿಗೆ ಬಂದು ಹೇಳುತ್ತಾಳೆ. ಇವತ್ತು ಬಾಯಿ ಮುಚ್ಚಿಸಿದ ಮಗಳು ನಾಳೆಯೂ ಹೇಳುವುದಿಲ್ಲ. ಆಕೆಯ ಸುದ್ದಿ ಬರುವುದು ಬೇರೆಯವರ ಬಾಯಿಂದ, ತಡವಾಗಿ.

ಮುಂದಿನ ವಾರದ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮಾತು ಎತ್ತಿ. ನಿಮ್ಮಲ್ಲಿ ಎಷ್ಟು ಜನ ಓದು ಬಿಟ್ಟದ್ದು ನಿಜವಾಗಿ ನೀವೇ ಬೇಡವೆಂದದ್ದಕ್ಕೆ, ಎಷ್ಟು ಜನರ ಮಾತು ತಪ್ಪಾಗಿ ಕೇಳಿಸಿದ್ದಕ್ಕೆ ಎಂದು ಒಬ್ಬರನ್ನೊಬ್ಬರು ಕೇಳಿ. ಆಮೇಲೆ ಮನೆಗೆ ಹೋಗಿ ಮಗಳನ್ನು ಕೇಳಿ.